ಗ್ರೋನಿಂಗನ್ ಅನಿಲದಲ್ಲಿ ಸಾರಜನಕ ಏಕಿದೆ? ನೆಲದಡಿಯ ಅನಿಲದ ಹುಟ್ಟು ಮತ್ತು ಘಟಕಗಳ ಬಗ್ಗೆ ಒಂದು ಟಿಪ್ಪಣಿ

ನೆದರ್ಲೆಂಡ್ಸಿನ ಈಶಾನ್ಯ ಮೂಲೆಯ ಗ್ರೋನಿಂಗನ್ ಪ್ರಾಂತ್ಯದಲ್ಲಿ, ಸ್ಲಾಖ್ಟರೆನ್ ಎಂಬ ಹಳ್ಳಿಯ ಹತ್ತಿರ 1959ರ ಜುಲೈ ತಿಂಗಳಲ್ಲಿ ಕೊರೆದ ಬಾವಿಯೊಂದರಿಂದ ನೈಸರ್ಗಿಕ ಅನಿಲ ಹೊರಬಂದಿತು. ಆ ಬಾವಿ ಮುಟ್ಟಿದ ನಿಕ್ಷೇಪ ಎಷ್ಟು ದೊಡ್ಡದೆಂಬುದು ತಿಳಿಯಲು ಕೆಲವು ವರ್ಷಗಳೇ ಬೇಕಾದವು. ಸುಮಾರು 900 ಚದರ ಕಿಲೋಮೀಟರ್ ಹರವು, ಸುಮಾರು ಮೂರು ಕಿಲೋಮೀಟರ್ ಆಳ, ಅಂದಾಜು 2.8 ಲಕ್ಷ ಕೋಟಿ ಘನ ಮೀಟರ್ ಅನಿಲ. ಯುರೋಪಿನ ಅತಿದೊಡ್ಡ ಅನಿಲ ನಿಕ್ಷೇಪಗಳಲ್ಲಿ ಅದೂ ಒಂದು. ಈ ಟಿಪ್ಪಣಿಗೆ ಬೇಕಾದುದು ಅದರ ಗಾತ್ರವಲ್ಲ, ಅದರೊಳಗೆ ಏನಿತ್ತು ಎಂಬುದು. ಗ್ರೋನಿಂಗನ್ ಅನಿಲದಲ್ಲಿ ಮೀಥೇನ್ ಸುಮಾರು ಶೇ. 81, ಈಥೇನ್ ಶೇ. 3ರ ಆಸುಪಾಸು, ಇಂಗಾಲದ ಡೈಆಕ್ಸೈಡ್ ಶೇ. 1ಕ್ಕೆ ಹತ್ತಿರ. ಉಳಿದದ್ದರಲ್ಲಿ ಬಹುಪಾಲು, ಅಂದರೆ ಒಟ್ಟು ಅನಿಲದ ಶೇ. 14ರಷ್ಟು, ಸಾರಜನಕ.

ಸಾರಜನಕ ಉರಿಯುವುದಿಲ್ಲ. ಇಂಧನದ ದೃಷ್ಟಿಯಿಂದ ಅದು ಬರಿಯ ಹೊರೆ. ಆದರೆ ಭೂವಿಜ್ಞಾನದ ವಿದ್ಯಾರ್ಥಿಗೆ ಈ ಶೇ. 14 ಒಂದು ಬೆಲೆಬಾಳುವ ಸಾಕ್ಷ್ಯ. ಅನಿಲದೊಳಗಿನ ಘಟಕಗಳನ್ನು ಅದರ ಹುಟ್ಟಿನ ದಾಖಲೆಯೆಂದು ಓದಬಹುದು, ಓದಲೇಬೇಕು ಎಂಬುದು ಈ ಟಿಪ್ಪಣಿಯ ವಾದ. ಸತ್ತ ಸಮುದ್ರಜೀವಿಗಳು ಹೂತು ಎಣ್ಣೆಯಾದವು, ಅದರ ಮೇಲೆ ಅನಿಲ ನಿಂತಿತು ಎಂದು ನಮ್ಮ ಶಾಲಾ ಪಾಠಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ವಿವರಣೆ ಗ್ರೋನಿಂಗನ್ನಿಗೆ ಹೊಂದುವುದೇ ಇಲ್ಲ. ಅಲ್ಲಿಯ ಅನಿಲಕ್ಕೂ ಸಮುದ್ರಜೀವಿಗಳಿಗೂ ಸಂಬಂಧವಿಲ್ಲ. ಅದರ ಕೆಳಗೆ ಎಣ್ಣೆಯ ಪದರವೂ ಇಲ್ಲ.

ಗ್ರೋನಿಂಗನ್ನಿನ ನೆಲದಡಿಯನ್ನು ತಳದಿಂದ ಮೇಲಕ್ಕೆ ನೋಡೋಣ. ತೀರ ಕೆಳಗಿರುವುದು ಕಾರ್ಬೊನಿಫೆರಸ್ ಯುಗದ ಕೊನೆಯ ಭಾಗದ ಕಲ್ಲಿದ್ದಲು ಪದರಗಳು, ಸುಮಾರು 31 ಕೋಟಿ ವರ್ಷ ಹಳೆಯವು. ಆಗ ಆ ಭೂಭಾಗ ಸಮಭಾಜಕ ವೃತ್ತದ ಹತ್ತಿರವಿತ್ತು. ಮರದೆತ್ತರ ಬೆಳೆಯುತ್ತಿದ್ದ ಜರೀಗಿಡದಂಥ ಸಸ್ಯಗಳು ಜವುಗು ನೆಲದಲ್ಲಿ ಬಿದ್ದು, ಗಾಳಿಯ ಸಂಪರ್ಕ ತಪ್ಪಿ, ಪೂರ್ತಿ ಕೊಳೆಯದೆ ಪದರಗಟ್ಟಿದವು. ಆಮೇಲೆ ನೆಲ ಎತ್ತರಕ್ಕೇರಿ ಸವೆಯಿತು. ಸವೆದ ಮೇಲ್ಮೈ ಮೇಲೆ, ಪರ್ಮಿಯನ್ ಯುಗದ ಮರುಭೂಮಿಯಲ್ಲಿ ಗಾಳಿಯೂ ಆಗಾಗ ಹರಿಯುತ್ತಿದ್ದ ಹೊಳೆಗಳೂ ತಂದು ಹಾಕಿದ ಮರಳು ನೂರಾರು ಮೀಟರ್ ದಪ್ಪಕ್ಕೆ ಶೇಖರವಾಯಿತು. ಇದೇ ಸ್ಲಾಖ್ಟರೆನ್ ಮರಳುಗಲ್ಲು. ಅದರ ಗಾತ್ರದಲ್ಲಿ ಶೇ. 15ರಿಂದ 20ರಷ್ಟು ಕಣಗಳ ನಡುವಿನ ಖಾಲಿ ಜಾಗ. ಮುಂದೆ ಸಮುದ್ರ ಆ ಮರುಭೂಮಿಗೆ ನುಗ್ಗಿತು, ಮತ್ತೆ ಮತ್ತೆ ಬತ್ತಿತು, ಪ್ರತಿಸಲವೂ ಉಪ್ಪನ್ನು ಉಳಿಸಿಹೋಯಿತು. ತ್ಸೆಕ್‌ಸ್ಟೈನ್ ಎಂದು ಕರೆಯುವ ಈ ಉಪ್ಪಿನ ಪದರ ಮರಳುಗಲ್ಲಿನ ಮೇಲೆ ಹಾಸಿಕೊಂಡಿದೆ. ಕಲ್ಲುಪ್ಪಿನಲ್ಲಿ ಅನಿಲ ನುಸುಳಲು ರಂಧ್ರಗಳಿಲ್ಲ. ಒತ್ತಡ ಬಿದ್ದರೆ ಅದು ಬಿರುಕು ಬಿಡುವ ಬದಲು ನಿಧಾನವಾಗಿ ಹರಿದು ಬಿರುಕನ್ನೇ ಮುಚ್ಚಿಕೊಳ್ಳುತ್ತದೆ.

ಮೂಲಶಿಲೆ (ಕಲ್ಲಿದ್ದಲು), ಆಶ್ರಯಶಿಲೆ (ಮರಳುಗಲ್ಲು), ಮುಚ್ಚಳಶಿಲೆ (ಉಪ್ಪು) ಎಂಬ ಮೂರೂ ಒಂದರ ಮೇಲೊಂದು ಇಷ್ಟು ಸ್ಪಷ್ಟವಾಗಿ ನಿಂತಿರುವ ಜಾಗಗಳು ಕಡಿಮೆ. ಆದರೆ ಪದರಗಳು ಕ್ರಮವಾಗಿ ಕೂತ ಮಾತ್ರಕ್ಕೆ ಅನಿಲ ಹುಟ್ಟುವುದಿಲ್ಲ. ಅದಕ್ಕೆ ಕಾವು ಬೇಕು. ನೆಲದೊಳಕ್ಕೆ ಇಳಿದಂತೆ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಜೀವಿಗಳ ಅವಶೇಷ ಹೂತು ಗಟ್ಟಿಯಾದ, ಸಾಮಾನ್ಯ ದ್ರಾವಕಗಳಲ್ಲಿ ಕರಗದ ವಸ್ತುವಿಗೆ ಕೆರೋಜೆನ್ ಎನ್ನುತ್ತಾರೆ. ಸುಮಾರು 60 ಡಿಗ್ರಿ ದಾಟಿದ ಮೇಲೆ ಈ ಕೆರೋಜೆನ್ ಒಡೆಯತೊಡಗುತ್ತದೆ. ಅದು ಪಾಚಿ ಮತ್ತು ಸೂಕ್ಷ್ಮ ಸಮುದ್ರಜೀವಿಗಳಿಂದ ಬಂದದ್ದಾದರೆ ಅದರಲ್ಲಿ ಹೈಡ್ರೋಜನ್ ಹೆಚ್ಚಿರುತ್ತದೆ. 60ರಿಂದ ಸುಮಾರು 120 ಡಿಗ್ರಿಯವರೆಗೆ ಅದು ಮುಖ್ಯವಾಗಿ ಎಣ್ಣೆ ಕೊಡುತ್ತದೆ, ಜೊತೆಗೆ ಅನಿಲ. ಇನ್ನೂ ಬಿಸಿಯೇರಿ 150 ಡಿಗ್ರಿ ಮೀರಿದರೆ ಆಗಲೇ ಹುಟ್ಟಿದ ಎಣ್ಣೆಯೂ ಮುರಿದು ಅನಿಲವಾಗುತ್ತದೆ. ಮರ, ತೊಗಟೆ, ನಾರುಗಳಿಂದಾದ ಕೆರೋಜೆನ್ನಿನ ಸ್ವಭಾವ ಬೇರೆ. ಅದರಲ್ಲಿ ಹೈಡ್ರೋಜನ್ ಕಡಿಮೆ, ಇಂಗಾಲದ ಉಂಗುರಗಳು ಹೆಚ್ಚು. ಕಾಯಿಸಿದಾಗ ಉಂಗುರಗಳಿಂದ ಚಿಕ್ಕ ಕೊಂಬೆಗಳಷ್ಟೇ ಕಳಚಿ ಬೀಳುತ್ತವೆ. ಕಳಚುವುದರಲ್ಲಿ ಬಹುಪಾಲು ಮೀಥೇನ್. ಹೀಗಾಗಿ ಕಲ್ಲಿದ್ದಲು ಎಣ್ಣೆಯ ಹಂತವನ್ನು ಹೆಚ್ಚುಕಡಿಮೆ ಹಾರಿ ನೇರ ಅನಿಲಕ್ಕೆ ಬರುತ್ತದೆ. ಗ್ರೋನಿಂಗನ್ನಿನಲ್ಲಿ ಎಣ್ಣೆ ಇಲ್ಲದ್ದಕ್ಕೆ ಕಾರಣ ಇದು.

ಈಗ ಸಾರಜನಕಕ್ಕೆ ಬರೋಣ. ಸಸ್ಯದ ಪ್ರೋಟೀನಿನಲ್ಲಿ ಸಾರಜನಕ ಇದ್ದೇ ಇರುತ್ತದೆ. ಕಲ್ಲಿದ್ದಲಾಗುವಾಗ ಅದರ ಒಂದಂಶ ಇಂಗಾಲದ ಉಂಗುರಗಳೊಳಗೇ ಬಂಧಿಯಾಗುತ್ತದೆ. ಇನ್ನೊಂದಂಶ ಅಮೋನಿಯಂ ರೂಪದಲ್ಲಿ ಜೇಡಿ ಖನಿಜಗಳೊಳಗೆ ಪೊಟ್ಯಾಸಿಯಂ ಇರಬೇಕಾದ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಈ ಎರಡೂ ಬಿಗಿಯಾದ ಬಂಧಗಳು. ಮೀಥೇನ್ ಬಿಡುಗಡೆಯಾಗುವ ಕಾವಿಗೆ ಇವು ಸಡಿಲವಾಗುವುದಿಲ್ಲ. ಮೀಥೇನಿನ ಹರಿವು ತಗ್ಗುತ್ತ ಬಂದ ಮೇಲೆ, ಇನ್ನೂ ಹೆಚ್ಚಿನ ಕಾವಿನಲ್ಲಿ, ಸಾರಜನಕ ಹೊರಡುತ್ತದೆ. ಎಂದರೆ ಒಂದು ನಿಕ್ಷೇಪದ ಸಾರಜನಕದ ಪಾಲು ಅದಕ್ಕೆ ಅನಿಲ ಒದಗಿಸಿದ ಶಿಲೆ ಎಷ್ಟರಮಟ್ಟಿಗೆ ಬೆಂದಿದೆ ಎಂಬುದಕ್ಕೆ ಅಳತೆಯಾಗಬಲ್ಲದು. ಗ್ರೋನಿಂಗನ್ನಿನಿಂದ ಪೂರ್ವಕ್ಕೆ, ಜರ್ಮನಿಯ ಕಡೆ ಹೋದರೆ ಇದಕ್ಕೆ ಪುಷ್ಟಿ ಸಿಗುತ್ತದೆ. ಅಲ್ಲಿ ಇದೇ ಪರ್ಮಿಯನ್ ಮರಳುಗಲ್ಲು, ಇದೇ ಉಪ್ಪಿನ ಮುಚ್ಚಳ. ಆದರೆ ಕೆಳಗಿನ ಶಿಲೆಗಳು ಹೆಚ್ಚು ಆಳಕ್ಕಿಳಿದು ಹೆಚ್ಚು ಬೆಂದಿವೆ, ಸಾರಜನಕವೂ ಏರುತ್ತದೆ. ಹಿಂದಿನ ಪೂರ್ವ ಜರ್ಮನಿಯ ಆಲ್ಟ್‌ಮಾರ್ಕ್ ನಿಕ್ಷೇಪದಲ್ಲಿ ಮೀಥೇನಿಗಿಂತ ಸಾರಜನಕವೇ ಹೆಚ್ಚು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಎಲ್ಲ ಸಾರಜನಕವೂ ಕಲ್ಲಿದ್ದಲಿನದಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಡೆಕ್ಸ್‌ಟರ್ ಎಂಬ ಊರಿನಲ್ಲಿ 1903ರಲ್ಲಿ ಅನಿಲದ ಬಾವಿ ಚಿಮ್ಮಿತು. ಊರವರು ಸೇರಿ ಹಬ್ಬ ಮಾಡಿ, ಚಿಮ್ಮುವ ಅನಿಲಕ್ಕೆ ಉರಿಯುವ ಹುಲ್ಲಿನ ಕಟ್ಟನ್ನು ತಂದು ಹಿಡಿದರು. ಅನಿಲ ಹೊತ್ತಲಿಲ್ಲ, ಹುಲ್ಲೇ ಆರಿತು. ಮಾದರಿಯನ್ನು ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಒಯ್ದು ಪರೀಕ್ಷಿಸಿದಾಗ ಅದರಲ್ಲಿ ಸಾರಜನಕ ಶೇ. 72, ಮೀಥೇನ್ ಕೇವಲ ಶೇ. 15 ಎಂದು ತಿಳಿಯಿತು. ಗುರುತು ಸಿಗದ ಒಂದು ಪಾಲೂ ಉಳಿಯಿತು. 1905ರಲ್ಲಿ ಹ್ಯಾಮಿಲ್ಟನ್ ಕೇಡಿ ಮತ್ತು ಡೇವಿಡ್ ಮ್ಯಾಕ್‌ಫರ್ಲೆಂಡ್ ಆ ಪಾಲಿನಲ್ಲಿ ಹೀಲಿಯಂ ಇರುವುದನ್ನು ಕಂಡುಕೊಂಡರು. ಒಟ್ಟು ಅನಿಲದಲ್ಲಿ ಅದು ಶೇ. 1.84. ಅಲ್ಲಿಯವರೆಗೆ ಭೂಮಿಯ ಮೇಲೆ ಅತ್ಯಂತ ವಿರಳವೆಂದು ತಿಳಿದಿದ್ದ ಮೂಲವಸ್ತು ಅದು.

ಹೀಲಿಯಮ್ಮಿನ ಕಥೆಗೆ ಕನ್ನಡ ನಾಡಿನ ನಂಟೂ ಇದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಖನ್ನಿನ ಮೇಲೆ ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್, ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ರೋಹಿತದರ್ಶಕ ಹಿಡಿದು ಸೂರ್ಯನಂಚಿನ ಜ್ವಾಲೆಗಳನ್ನು ನೋಡಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಸೂರ್ಯನ ರೋಹಿತದ ಹಳದಿ ರೇಖೆಯೊಂದರ ಬೆನ್ನುಹತ್ತಿ, ಮುಂದೆ ಅದು ಹೊಸ ಮೂಲವಸ್ತುವಿನದೆಂಬ ನಿಲುವಿಗೆ ಬಂದರು. ಸೂರ್ಯನಲ್ಲಿ ಕಂಡದ್ದು ನೆಲದಡಿಯ ಅನಿಲದಲ್ಲಿ ಹೇಗೆ ಬಂತು? ಯುರೇನಿಯಂ ಮತ್ತು ಥೋರಿಯಂ ಕ್ಷಯಿಸುವಾಗ ಹೊರಹೊಮ್ಮುವ ಆಲ್ಫಾ ಕಣಗಳು ಹೀಲಿಯಂ ಪರಮಾಣುವಿನ ನ್ಯೂಕ್ಲಿಯಸ್‌ಗಳೇ. ಹಳೆಯ ಗ್ರಾನೈಟ್ ತಳಹದಿಯಲ್ಲಿ ಕೋಟ್ಯಂತರ ವರ್ಷ ನಡೆದ ಕ್ಷಯದಿಂದ ಹುಟ್ಟಿದ ಹೀಲಿಯಂ ಮೇಲಕ್ಕೆ ಸೋರಿ ಅನಿಲದ ನಿಕ್ಷೇಪದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಸಾರಜನಕದ ಜೊತೆ ಹೀಲಿಯಂ ಎಷ್ಟಿದೆ ಎಂದು ನೋಡುವುದು ಸರಿಯಾದ ಕ್ರಮ. ಗ್ರೋನಿಂಗನ್ನಿನ ಹೀಲಿಯಂ ಶೇ. 0.1ನ್ನೂ ಮುಟ್ಟುವುದಿಲ್ಲ. ಡೆಕ್ಸ್‌ಟರಿನ ಸಾರಜನಕದ ಹಿಂದೆ ತಳಹದಿಯ ಪುರಾತನ ಶಿಲೆಯ ಗುರುತು ಕಾಣುತ್ತದೆ, ಗ್ರೋನಿಂಗನ್ನಿನದರ ಹಿಂದೆ ಕಲ್ಲಿದ್ದಲಿನದು.

ಇಲ್ಲಿಯವರೆಗೆ ಹೇಳಿದ್ದು ಕಾವಿನಿಂದ ಹುಟ್ಟುವ ಅನಿಲ. ಕಾವೇ ಇಲ್ಲದೆ ಹುಟ್ಟುವ ಅನಿಲವೂ ಉಂಟು, ಜಗತ್ತಿನ ನಿಕ್ಷೇಪಗಳಲ್ಲಿ ಸುಮಾರು ಐದನೆಯ ಒಂದು ಪಾಲು ಅದೇ ಎಂದು ಭೂರಸಾಯನಜ್ಞರು ಎಣಿಸಿದ್ದಾರೆ. ಅದರ ಕರ್ತೃ ಸೂಕ್ಷ್ಮಜೀವಿಗಳು. ಅಲೆಸ್ಸಾಂಡ್ರೊ ವೋಲ್ಟಾ 1776ರ ನವೆಂಬರಿನಲ್ಲಿ ಇಟಲಿಯ ಮಜ್ಜೋರೆ ಸರೋವರದ ದಡದ ಕೆಸರನ್ನು ಕೋಲಿನಿಂದ ಕಲಕಿ, ಮೇಲೇಳುವ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಅವು ಉರಿಯುತ್ತವೆಂದು ತೋರಿಸಿದ್ದು ಈ ಮೀಥೇನನ್ನೇ. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಗುಂಡಿಯಲ್ಲಿ ಕೆಲಸ ಮಾಡುವುದೂ ಈ ಬಳಗದ ಜೀವಿಗಳೇ. ಬಹುಕಾಲ ಇವನ್ನು ಬ್ಯಾಕ್ಟೀರಿಯಾ ಎಂದೇ ಎಣಿಸಿದ್ದರು. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವುಗಳ ಆರ್‌ಎನ್‌ಎ ಪರಿಶೀಲಿಸಿ, ಇವು ಬ್ಯಾಕ್ಟೀರಿಯಾದಿಂದ ಪೂರ್ತಿ ಬೇರೆಯಾದ ಜೀವಶಾಖೆಯೆಂದು ತೋರಿಸಿದರು. ಈಗ ಆ ಶಾಖೆಗೆ ಆರ್ಕಿಯ ಎಂದು ಹೆಸರು.

ಸಮುದ್ರದ ತಳದಲ್ಲಿ ಇವುಗಳ ಕೆಲಸಕ್ಕೆ ಒಂದು ಸರದಿ ಇದೆ. ಮೇಲಿನ ಕೆಸರಿನಲ್ಲಿ ಆಮ್ಲಜನಕ ತೀರಿದ ಮೇಲೆ ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾ ಮುಂದಾಗುತ್ತವೆ. ಸಲ್ಫೇಟ್ ಇರುವವರೆಗೆ ಮೀಥೇನ್ ಮಾಡುವ ಜೀವಿಗಳಿಗೆ ಆಹಾರ ಸಿಗುವುದು ಕಷ್ಟ. ಅದು ಮುಗಿದ ಆಳದಲ್ಲಿ, ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡನ್ನು ಕೂಡಿಸಿ ಇವು ಮೀಥೇನ್ ಮಾಡುತ್ತವೆ. ಸುಮಾರು 75, 80 ಡಿಗ್ರಿಯ ಹೊತ್ತಿಗೆ ಅವುಗಳ ಆಟ ಮುಗಿಯುತ್ತದೆ. ಗೋಬರ್ ಗ್ಯಾಸಿನಲ್ಲಿ ಶೇ. 35, 40ರಷ್ಟು ಇಂಗಾಲದ ಡೈಆಕ್ಸೈಡ್ ಇರುವಾಗ, ಸಮುದ್ರದಡಿಯ ಸೂಕ್ಷ್ಮಜೀವಿಜನ್ಯ ಅನಿಲದಲ್ಲಿ ಅದು ಅಷ್ಟಾಗಿ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಅಲ್ಲಿ ಆ ಡೈಆಕ್ಸೈಡೇ ಕಚ್ಚಾವಸ್ತು. ಮಿಕ್ಕದ್ದು ನೀರಿನಲ್ಲಿ ಕರಗುತ್ತದೆ, ಕಾರ್ಬೊನೇಟ್ ಖನಿಜವಾಗಿ ನೆಲೆಸುತ್ತದೆ.

ಭಾರತದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಕೃಷ್ಣಾ–ಗೋದಾವರಿ ಜಲಾನಯನದ ಆಳಸಮುದ್ರದಲ್ಲಿದೆ. ಕೆಜಿ–ಡಿ6 ಎಂದು ಪತ್ರಿಕೆಗಳಲ್ಲಿ ನಾವು ಓದಿದ, 2002ರಲ್ಲಿ ಪತ್ತೆಯಾಗಿ 2009ರ ಏಪ್ರಿಲಿನಲ್ಲಿ ಉತ್ಪಾದನೆ ಆರಂಭಿಸಿದ ಧೀರುಭಾಯಿ 1 ಮತ್ತು 3 ನಿಕ್ಷೇಪಗಳ ಅನಿಲ ಹೆಚ್ಚುಕಡಿಮೆ ಬರೀ ಮೀಥೇನ್. ಕೃಷ್ಣೆ, ಗೋದಾವರಿ ಹೊತ್ತು ತಂದ ಹೂಳು ಭೂವೈಜ್ಞಾನಿಕವಾಗಿ ತೀರ ಇತ್ತೀಚೆಗೆ ಪೇರಿಸಿದ ಮರಳಿನ ಕಾಲುವೆಗಳಲ್ಲಿ ಅದು ನಿಂತಿದೆ. ಆ ಹೂಳಿನ ಒಂದು ಪಾಲು ಕೃಷ್ಣೆ ಮತ್ತು ತುಂಗಭದ್ರೆ ಕರ್ನಾಟಕದ ನೆಲದಿಂದ ತೊಳೆದು ಒಯ್ದದ್ದು. ಇದಕ್ಕೆ ಎದುರಾಗಿ ಪಶ್ಚಿಮ ಕರಾವಳಿಯ ಬಾಂಬೆ ಹೈ ಇದೆ. 1974ರ ಫೆಬ್ರವರಿಯಲ್ಲಿ ಸಾಗರ್ ಸಮ್ರಾಟ್ ಎಂಬ ಕಡಲ ಕೊರೆವೇದಿಕೆ ಕೊರೆದ ಬಾವಿಯಲ್ಲಿ ಕಂಡ ಈ ನಿಕ್ಷೇಪದಲ್ಲಿ ಅನಿಲ ಎಣ್ಣೆಯ ಜೊತೆಗೇ ಬರುತ್ತದೆ. ಅದರಲ್ಲಿ ಮೀಥೇನ್ ಜೊತೆ ಈಥೇನ್, ಪ್ರೊಪೇನ್, ಬ್ಯುಟೇನ್‌ಗಳೂ ಗಣನೀಯ. ಸೂಕ್ಷ್ಮಜೀವಿಗಳು ಈ ದೊಡ್ಡ ಅಣುಗಳನ್ನು ಹೇಳಿಕೊಳ್ಳುವಷ್ಟು ಮಾಡಲಾರವು. ಅವು ಇವೆಯೆಂದರೆ ಕಾವು ಕೆಲಸ ಮಾಡಿದೆ. ಮನೆಯ ಸಿಲಿಂಡರಿನ ಎಲ್‌ಪಿಜಿ ಈ ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಪೈಪಿನಲ್ಲಿ ಬರುವ ಅನಿಲವನ್ನೂ ಎಲ್‌ಪಿಜಿಯನ್ನೂ ಒಂದೇ ಎಂದು ತಿಳಿಯುವುದು ತಪ್ಪು.

ಘಟಕಗಳ ಪ್ರಮಾಣವೊಂದನ್ನೇ ನೆಚ್ಚಿ ತೀರ್ಪು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚೆನ್ನಾಗಿ ಬೆಂದ ಕಲ್ಲಿದ್ದಲಿನ ಅನಿಲವೂ ಬಹುತೇಕ ಬರೀ ಮೀಥೇನ್ ಆಗಿರಬಲ್ಲದು, ನೋಡಲು ಸೂಕ್ಷ್ಮಜೀವಿಗಳ ಅನಿಲದಂತೆಯೇ ಇರುತ್ತದೆ. ಇಲ್ಲಿ ನೆರವಿಗೆ ಬರುವುದು ಇಂಗಾಲದ ಐಸೊಟೋಪುಗಳು. ನಿಸರ್ಗದ ಇಂಗಾಲದಲ್ಲಿ ಶೇ. 99ರಷ್ಟು ಇಂಗಾಲ–12, ಉಳಿದದ್ದು ತುಸು ಭಾರದ ಇಂಗಾಲ–13. ಹಗುರವಾದುದರ ಬಂಧ ಮುರಿಯುವುದು ಸುಲಭ, ಆದ್ದರಿಂದ ಸೂಕ್ಷ್ಮಜೀವಿಗಳ ರಾಸಾಯನಿಕ ಕ್ರಿಯೆಯಲ್ಲಿ ಅದಕ್ಕೇ ಆದ್ಯತೆ ಸಿಗುತ್ತದೆ. ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿದರೆ ಅವು ಮಾಡಿದ ಮೀಥೇನಿನಲ್ಲಿ ಇಂಗಾಲ–13ರ ಅನುಪಾತ ಸಾವಿರಕ್ಕೆ 60ರಷ್ಟೋ ಅದಕ್ಕಿಂತ ಹೆಚ್ಚೋ ಕಡಿಮೆ ಇರುತ್ತದೆ. ಕಾವಿನಿಂದಾದ ಮೀಥೇನಿನಲ್ಲಿ ಕೊರತೆ ಸಾಮಾನ್ಯವಾಗಿ ಸಾವಿರಕ್ಕೆ 50ರಿಂದ 25ರ ನಡುವೆ. ಶಿಲೆ ಬೆಂದಷ್ಟೂ ಕೊರತೆ ಇಳಿಯುತ್ತದೆ. ಎರಡು ಮೂಲಗಳ ಅನಿಲ ಒಂದೇ ನಿಕ್ಷೇಪದಲ್ಲಿ ಬೆರೆತಿದ್ದರೆ ಅಳತೆ ನಡುವೆಲ್ಲೋ ನಿಲ್ಲುತ್ತದೆ, ವಾದಕ್ಕೆ ಎಡೆಯಾಗುತ್ತದೆ. ಪಶ್ಚಿಮ ಸೈಬೀರಿಯದ ಯುರೆಂಗೊಯ್ ನಿಕ್ಷೇಪ 1966ರಲ್ಲಿ ಸಿಕ್ಕಿತು, ಗಾತ್ರದಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ. ಅದರ ಮೇಲ್ಪದರದ ಶುದ್ಧ ಮೀಥೇನ್ ಯಾರ ಕೆಲಸ ಎಂಬುದರ ಚರ್ಚೆ ಇಂದಿಗೂ ಮುಗಿದಿಲ್ಲ.

ಜೀವಿಗಳ ಪಾತ್ರವೇ ಇಲ್ಲದ ಮೀಥೇನೂ ಇದೆ. ಟರ್ಕಿಯ ಯಾನಾರ್ತಾಶ್ ಬೆಟ್ಟದಲ್ಲಿ ಬಂಡೆಯ ಬಿರುಕುಗಳಿಂದ ಸಾವಿರಾರು ವರ್ಷಗಳಿಂದ ಉರಿಯುತ್ತಿರುವ ಜ್ವಾಲೆಗಳ ಅನಿಲದಲ್ಲಿ ಅದರ ಪಾಲು ಗಣನೀಯ. ಕಬ್ಬಿಣಾಂಶದ ಶಿಲೆ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಬಿಡುತ್ತದೆ, ಅದು ಇಂಗಾಲದೊಡನೆ ಕೂಡುತ್ತದೆ. ಖಗೋಳಜ್ಞ ಥಾಮಸ್ ಗೋಲ್ಡ್ ಭೂಮಿಯ ಅನಿಲವೆಲ್ಲ ಜೀವಿಗಳ ಪಾತ್ರವಿಲ್ಲದೆ ಆಳದಿಂದ ಬಂದದ್ದೆಂದು ವಾದಿಸಿದರು. ಅದನ್ನು ಪರೀಕ್ಷಿಸಲು 1986ರಿಂದ ಸ್ವೀಡನ್ನಿನ ಸಿಲ್ಯಾನ್ ಉಲ್ಕಾಕುಳಿಯ ಗ್ರಾನೈಟಿನಲ್ಲಿ ಆರು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದರು. ವ್ಯಾಪಾರಕ್ಕೆ ಯೋಗ್ಯವಾದ ಅನಿಲ ಸಿಗಲಿಲ್ಲ.

ಘಟಕಗಳಲ್ಲಿ ಅತ್ಯಂತ ಅಪಾಯಕಾರಿ ಹೈಡ್ರೋಜನ್ ಸಲ್ಫೈಡ್. ಸುಣ್ಣಕಲ್ಲಿನ ನಿಕ್ಷೇಪಗಳಲ್ಲಿ, ಸುಮಾರು 120ರಿಂದ 140 ಡಿಗ್ರಿ ಮೀರಿದಾಗ, ಅನಿಲ ಮತ್ತು ಎಣ್ಣೆ ಅಲ್ಲಿನ ಕ್ಯಾಲ್ಸಿಯಂ ಸಲ್ಫೇಟಿನೊಡನೆ ವರ್ತಿಸಿ ಇದನ್ನು ಹುಟ್ಟಿಸುತ್ತವೆ. ಮರಳುಗಲ್ಲಿನಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಅದು ಗಂಧಕವನ್ನು ಹಿಡಿದು ಪೈರೈಟ್ ಮಾಡಿಬಿಡುತ್ತದೆ. 1951ರಲ್ಲಿ ಪತ್ತೆಯಾದ ಫ್ರಾನ್ಸಿನ ಲಾಕ್ ನಿಕ್ಷೇಪದಲ್ಲಿ ಹೈಡ್ರೋಜನ್ ಸಲ್ಫೈಡಿನ ಪಾಲು ಶೇ. 15. ಉಕ್ಕಿನ ಕೊಳವೆಗಳನ್ನೇ ಅದು ಬಿರಿಯುವಂತೆ ಮಾಡಿದ್ದರಿಂದ ಹೊಸ ಬಗೆಯ ಉಕ್ಕು ಸಿದ್ಧವಾಗುವವರೆಗೆ ಉತ್ಪಾದನೆ ಕಾಯಬೇಕಾಯಿತು. 2003ರ ಡಿಸೆಂಬರ್ 23ರ ರಾತ್ರಿ ಚೀನಾದ ಚೋಂಗ್‌ಕಿಂಗ್ ಬಳಿಯ ಕೈಶಿಯಾನ್‌ನಲ್ಲಿ ಇಂಥದೊಂದು ಬಾವಿ ಹತೋಟಿ ತಪ್ಪಿ 243 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಗಳವರು. ಒಂದು ನಿಕ್ಷೇಪದ ಘಟಕಗಳನ್ನು ಮೊದಲೇ ಅರಿತು, ಸುತ್ತ ಬದುಕುವವರಿಗೆ ತಿಳಿಸಿ, ಆಮೇಲೆ ಕೊರೆಯುವುದು ಪ್ರಾಣದ ಪ್ರಶ್ನೆ. ಅದನ್ನು ಪ್ರಯೋಗಾಲಯದ ವಿಷಯವೆಂದು ಬದಿಗಿಡಲು ಬರುವುದಿಲ್ಲ. ಮುಂಬೈ ಹೊರಗಿನ ಬಸೇನ್ ನಿಕ್ಷೇಪದ ಅನಿಲದಲ್ಲೂ ಹೈಡ್ರೋಜನ್ ಸಲ್ಫೈಡ್ ಇರುವುದರಿಂದಲೇ ಅದನ್ನು ಗುಜರಾತಿನ ಹಜೀರಾಕ್ಕೆ ತಂದು ಶುದ್ಧಗೊಳಿಸುತ್ತಾರೆ.

ಗ್ರೋನಿಂಗನ್ನಿನ ಸಾರಜನಕ ಮನುಷ್ಯರ ವ್ಯವಸ್ಥೆಯಲ್ಲೂ ತನ್ನ ಗುರುತು ಬಿಟ್ಟಿತು. ಡಚ್ ಮನೆಗಳ ಒಲೆ, ಬಾಯ್ಲರುಗಳನ್ನೆಲ್ಲ ಆ ಶೇ. 14ರ ಲೆಕ್ಕಕ್ಕೇ ಹೊಂದಿಸಿದ್ದರು. ಬೆಲ್ಜಿಯಂ, ಉತ್ತರ ಫ್ರಾನ್ಸ್, ಪಶ್ಚಿಮ ಜರ್ಮನಿಯ ಭಾಗಗಳೂ ಅದೇ ಅನಿಲಕ್ಕೆ ಒಗ್ಗಿದ್ದವು. ಅನಿಲ ತೆಗೆದಂತೆ ಮರಳುಗಲ್ಲಿನ ಒತ್ತಡ ಕುಸಿಯಿತು, ಪದರ ಕುಗ್ಗಿತು, ಹಳೆಯ ಸ್ತರಭಂಗಗಳು ಜರುಗಿದವು. 2012ರ ಆಗಸ್ಟ್ 16ರಂದು ಹೌಜಿಂಗೆ ಎಂಬಲ್ಲಿ 3.6 ಪ್ರಮಾಣದ ಭೂಕಂಪ ಆಯಿತು. ಪ್ರಮಾಣ ಸಣ್ಣದು, ಆದರೆ ಆಳ ಮೂರೇ ಕಿಲೋಮೀಟರ್. ಇಟ್ಟಿಗೆ ಮನೆಗಳು ಬಿರುಕುಬಿಟ್ಟವು, ಜನ ವರ್ಷಗಟ್ಟಲೆ ಪರಿಹಾರಕ್ಕಾಗಿ ಹೋರಾಡಿದರು. 2023ರ ಅಕ್ಟೋಬರ್ 1ರಂದು ಉತ್ಪಾದನೆ ನಿಂತಿತು, 2024ರ ಏಪ್ರಿಲಿನಲ್ಲಿ ಕಾನೂನು ಮೂಲಕ ನಿಕ್ಷೇಪ ಶಾಶ್ವತವಾಗಿ ಮುಚ್ಚಿತು. ಈಗ ಹೊರಗಿನಿಂದ ತರುವ ಹೆಚ್ಚು ಶಕ್ತಿಯ ಅನಿಲಕ್ಕೆ, ಗಾಳಿಯಿಂದ ಬೇರ್ಪಡಿಸಿದ ಸಾರಜನಕವನ್ನು ಬೆರೆಸಿ ಹಳೆಯ ಮಿಶ್ರಣಕ್ಕೆ ಸಮಮಾಡುತ್ತಾರೆ. ಕಲ್ಲಿದ್ದಲು ಯುಗಗಳ ಕಾಲ ಬೆಂದು ಸೇರಿಸಿದ ಘಟಕವನ್ನು ಈಗ ಕಾರ್ಖಾನೆ ಸೇರಿಸುತ್ತಿದೆ.

ಕರ್ನಾಟಕದ ಬಹುಪಾಲು ನೆಲ 250 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್, ನೈಸ್ ಶಿಲೆಗಳದು. ಉತ್ತರದಲ್ಲಿ ದಖನ್ನಿನ ಲಾವಾ. ಶಹಾಬಾದ್ ಕಲ್ಲು ಕೊಡುವ ಭೀಮಾ ಕೊಳ್ಳದ ಪದರಗಳಿಗೆ ಕೆಲವು ನೂರು ಮೀಟರಿನಷ್ಟೇ ದಪ್ಪ. ಆಳವೂ ಜೀವಾವಶೇಷವೂ ಕಾವೂ ಒಟ್ಟಿಗೆ ಸೇರಿದ ಜಾಗ ಇಲ್ಲಿ ಕಾಣುವುದಿಲ್ಲ. ಹಾಗಾಗಿ ಅನಿಲ ಹೊರಗಿನಿಂದ ಬರುತ್ತದೆ. 2013ರಲ್ಲಿ ಚಾಲನೆಗೊಂಡ ದಾಭೋಳ–ಬೆಂಗಳೂರು ಕೊಳವೆಮಾರ್ಗ ಒಂದು ದಾರಿ, 2021ರ ಜನವರಿ 5ರಂದು ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಮಾರ್ಗ ಇನ್ನೊಂದು. ಮಂಗಳೂರಿನ ರಸಗೊಬ್ಬರ ಕಾರ್ಖಾನೆ ಈ ಅನಿಲವನ್ನು ಉರಿಸುವುದಕ್ಕಷ್ಟೇ ಬಳಸುವುದಿಲ್ಲ. ಮೀಥೇನಿನ ಹೈಡ್ರೋಜನ್ನಿಗೆ ಗಾಳಿಯ ಸಾರಜನಕ ಕೂಡಿಸಿ ಅಮೋನಿಯ ಮಾಡುತ್ತದೆ, ಮೀಥೇನಿನ ಇಂಗಾಲ ಡೈಆಕ್ಸೈಡಾಗಿ ಆ ಅಮೋನಿಯದೊಡನೆ ಸೇರಿ ಯೂರಿಯ ಆಗುತ್ತದೆ.

ಈ ಕೊಚ್ಚಿ ಮಾರ್ಗಕ್ಕಾಗಿ ಹಡಗಿನಲ್ಲಿ ಕೊಚ್ಚಿಗೆ ಬರುವ ದ್ರವೀಕೃತ ಅನಿಲಕ್ಕೆ ದೀರ್ಘಾವಧಿಯ ಒಪ್ಪಂದವಿರುವುದು ಆಸ್ಟ್ರೇಲಿಯದ ವಾಯವ್ಯ ಕಡಲಿನ ಗಾರ್ಗನ್ ಯೋಜನೆಯೊಡನೆ. ಗಾರ್ಗನ್ ನಿಕ್ಷೇಪದ ಅನಿಲದಲ್ಲಿ ಶೇ. 14ರಷ್ಟು ಇಂಗಾಲದ ಡೈಆಕ್ಸೈಡ್ ಇದೆ. ದ್ರವೀಕರಣದ ಚಳಿಗೆ ಅದು ಹೆಪ್ಪುಗಟ್ಟಿ ಯಂತ್ರಗಳನ್ನು ಕಟ್ಟಿಹಾಕುವುದರಿಂದ ಮೊದಲೇ ತೆಗೆಯಬೇಕು. ತೆಗೆದದ್ದನ್ನು ಬ್ಯಾರೋ ದ್ವೀಪದ ಕೆಳಗೆ ಎರಡು ಕಿಲೋಮೀಟರಿಗೂ ಆಳದ ಮರಳುಗಲ್ಲಿಗೆ ತುಂಬುವ ಕೆಲಸ 2019ರ ಆಗಸ್ಟಿನಲ್ಲಿ ಆರಂಭವಾಯಿತು. ಇದುವರೆಗೆ ತುಂಬಿರುವುದು ಯೋಜನೆಯ ಗುರಿಗಿಂತ ಕಡಿಮೆ. ಉಳಿದದ್ದು ಗಾಳಿಗೆ ಹೋಗಿದೆ. ಮಂಗಳೂರಿನ ಪೈಪಿಗೆ ಬರುವ ಅನಿಲದ ಲೆಕ್ಕ ಬರೆಯುವಾಗ ಹೀಗೆ ದಾರಿಯಲ್ಲೇ ಬಿಟ್ಟುಹೋದ ಘಟಕವನ್ನೂ ಸೇರಿಸಿ ಬರೆಯಬೇಕು.